ಪಿಗ್ಮಿ ಹುಟ್ಟಿದ ಊರಿನ ಮಕ್ಕಳು ಮತ್ತು ತಿಂಗಳ ದುಡ್ಡು

ಕಾಲೇಜಿಗೆಂದು ಮೊದಲ ಬಾರಿ ಮನೆ ಬಿಟ್ಟು ಮಂಗಳೂರಿಗೋ ಮಣಿಪಾಲಕ್ಕೋ ಬರುವ ಮಕ್ಕಳಿಗೆ ಊಟ, ಓದು, ಸಹವಾಸ ಎಲ್ಲದರ ಬಗ್ಗೆಯೂ ಹಿರಿಯರು ವಿವರವಾಗಿ ಹೇಳಿ ಕಳುಹಿಸುತ್ತಾರೆ. ದುಡ್ಡಿನ ವಿಷಯದಲ್ಲಿ ಮಾತ್ರ ‘ನೋಡಿಕೊಂಡು ಖರ್ಚು ಮಾಡು’ ಎಂಬಲ್ಲಿಗೆ ಮಾತು ಮುಗಿದುಬಿಡುತ್ತದೆ. ಏನನ್ನು ನೋಡಬೇಕು, ಹೇಗೆ ನೋಡಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಪಾಠ ಮಾಡುವವನಾಗಿ ನನಗೆ ಅನ್ನಿಸಿರುವುದು ಇಷ್ಟು: ಈ ಮಕ್ಕಳಲ್ಲಿ ಹೆಚ್ಚಿನವರು ದುಂದುಗಾರರಲ್ಲ. ತಿಂಗಳಿಗೊಮ್ಮೆ ಒಟ್ಟಾಗಿ ಬರುವ ಹಣವನ್ನು ದಿನದಿನದ ಖರ್ಚಿಗೆ ಹೊಂದಿಸುವ ಕ್ರಮ ಅವರಿಗೆ ಗೊತ್ತಿಲ್ಲ, ಅಷ್ಟೆ.

ಆ ಕ್ರಮವನ್ನು ನಾವು ದೂರದಿಂದ ಎರವಲು ತರಬೇಕಾಗಿಲ್ಲ. ಕೈಮಗ್ಗದ ನೇಕಾರರಿಗೆ ನೆರವಾಗಲೆಂದು 1925ರಲ್ಲಿ ಉಡುಪಿಯಲ್ಲಿ ಆರಂಭವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟರು ಮನೆ ಬಾಗಿಲಿಗೆ, ಅಂಗಡಿ ಮುಂಗಟ್ಟಿಗೆ ಬಂದು ಪಡೆದು ಬರೆದುಕೊಂಡು ಹೋಗುತ್ತಿದ್ದರು. ದುಡಿಮೆ ದಿನದ ಲೆಕ್ಕದಲ್ಲಿ ಬರುವವನಿಗೆ ಉಳಿತಾಯವೂ ದಿನದ ಲೆಕ್ಕದಲ್ಲೇ ಇರಬೇಕು, ಖರ್ಚು ಮಾಡಿ ಮಿಕ್ಕಿದ್ದನ್ನಲ್ಲ, ಮೊದಲೇ ಅಷ್ಟನ್ನು ಎತ್ತಿಡಬೇಕು ಎಂಬ ತಿಳಿವಳಿಕೆ ಅದರ ಹಿಂದಿತ್ತು. ಆ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿ ಕಟ್ಟುವ ಅಂಗಡಿಯವರು ನಮ್ಮ ಪೇಟೆಗಳಲ್ಲಿ ಈಗಲೂ ಇದ್ದಾರೆ.

ಯುಪಿಐ ಬಂದ ಮೇಲೆ ಕೈಯಿಂದ ನೋಟು ಬಿಟ್ಟುಕೊಡುವ ಆ ಒಂದು ಕ್ಷಣದ ಯೋಚನೆಯೇ ಇಲ್ಲವಾಗಿದೆ. ಹತ್ತು ದಿನಕ್ಕೇ ಹಣ ಹೇಗೆ ಮುಗಿಯಿತೆಂದು ತಿಳಿಯದೆ ಕಂಗಾಲಾಗಿದ್ದ ವಿದ್ಯಾರ್ಥಿನಿಯೊಬ್ಬಳ ಜೊತೆ ಕುಳಿತು ಅವಳ ಮೊಬೈಲಿನಲ್ಲಿದ್ದ ಒಂದು ದಿನದ ಪಾವತಿಗಳನ್ನು ಓದಿದೆ. ಬೆಳಿಗ್ಗೆ ಬನ್ಸ್ ಮತ್ತು ಚಾ 40, ಮಳೆಯೆಂದು ಹಿಡಿದ ರಿಕ್ಷಾದಲ್ಲಿ ಅವಳ ಪಾಲು 30, ಜೆರಾಕ್ಸ್ 18, ಸಂಜೆಯ ಜ್ಯೂಸ್ 50, ರಾತ್ರಿ ಗೆಳತಿಯರೊಂದಿಗೆ ತರಿಸಿಕೊಂಡ ಬಿರಿಯಾನಿ 190. ಒಟ್ಟು 328 ರೂಪಾಯಿ. ಇದರಲ್ಲಿ ಅತಿಯೆನ್ನುವಂಥದ್ದು ಯಾವುದೂ ಇಲ್ಲ. ಆದರೆ ಆ ದಿನದ ಬೆಳಗಿನ ತಿಂಡಿಗೂ ರಾತ್ರಿಯ ಊಟಕ್ಕೂ ಅವಳ ಅಪ್ಪ ಮೆಸ್ಸಿನಲ್ಲಿ ಆಗಲೇ ಹಣ ಕಟ್ಟಿದ್ದರು. ಎರಡು ಬಾರಿ ಕೊಂಡ ಊಟವೇ ಅವಳ ಬಜೆಟ್ಟಿನ ದೊಡ್ಡ ತೂತು ಎಂಬುದು, ಬಿಡಿಬಿಡಿಯಾಗಿದ್ದ ಆ ಅಂಕಿಗಳನ್ನು ಒಂದು ಹಾಳೆಯಲ್ಲಿ ಒಟ್ಟಿಗೆ ಬರೆದಾಗ ಅವಳಿಗೇ ಕಂಡಿತು.

ಹಾಗಾಗಿ ನಾನು ಮಕ್ಕಳಿಗೆ ಹೇಳುವುದು ವಾರದ ಲೆಕ್ಕ. ಪಿಜಿ ಬಾಡಿಗೆ, ಮೆಸ್, ರೀಚಾರ್ಜ್ ಕಳೆದು ಉಳಿದ ಹಣವನ್ನು ನಾಲ್ಕಲ್ಲ, ಐದು ಪಾಲು ಮಾಡಬೇಕು. ತಿಂಗಳೆಂದರೆ ನಾಲ್ಕೇ ವಾರವೆಂದುಕೊಂಡರೆ ಕೊನೆಯ ಎರಡು ಮೂರು ದಿನಗಳಿಗೆ ಗತಿಯಿರುವುದಿಲ್ಲ. ಐದನೆಯ ಪಾಲಿನಲ್ಲಿ ಆ ದಿನಗಳೂ ಕಳೆದು ಒಂದಿಷ್ಟು ಉಳಿಯುತ್ತದೆ. ಮನೆಯಿಂದ ಹಣ ಬರುವ ಖಾತೆಯೇ ಬೇರೆ, ಯುಪಿಐಗೆ ಜೋಡಿಸಿದ ಖಾತೆಯೇ ಬೇರೆ ಇರಲಿ. ಪ್ರತಿ ಸೋಮವಾರ ಒಂದು ಪಾಲನ್ನಷ್ಟೇ ಎರಡನೆಯದಕ್ಕೆ ವರ್ಗಾಯಿಸಿಕೊಳ್ಳಲಿ. ಕನಿಷ್ಠ ಶಿಲ್ಕು ಇಡಬೇಕಾಗಿಲ್ಲದ ಮೂಲ ಉಳಿತಾಯ ಖಾತೆ ಬ್ಯಾಂಕುಗಳಲ್ಲಿ ಸಿಗುವುದರಿಂದ, ಎರಡನೆಯ ಖಾತೆ ಹೊರೆಯಾಗುತ್ತದೆಂದು ಹೆದರಬೇಕಾಗಿಲ್ಲ.

ನಮ್ಮ ಕರಾವಳಿಯದೇ ಆದ ಕೆಲವು ಖರ್ಚುಗಳನ್ನು ಹೊರಗಿನಿಂದ ಬರುವವರು ಮೊದಲೇ ಎಣಿಸಿರುವುದಿಲ್ಲ. ಸರಕಾರಿ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಉಚಿತ ಪ್ರಯಾಣವಿದೆ. ಆದರೆ ಮಂಗಳೂರು, ಉಡುಪಿ ನಗರಗಳೊಳಗೆ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸುಗಳು, ಅಲ್ಲಿ ಟಿಕೆಟ್ ತೆಗೆಯಲೇಬೇಕು. ಕಾಸರಗೋಡಿನ ಕಡೆಯಿಂದ ಬರುವ ವಿದ್ಯಾರ್ಥಿನಿಯರಿಗೆ ಆ ಸೌಲಭ್ಯವೂ ಇಲ್ಲ. ಬಟ್ಟೆ ಒಣಗದ ಮಳೆಗಾಲದಲ್ಲಿ ಒಂದೆರಡು ಜೊತೆ ಹೆಚ್ಚಿಗೆ ಬೇಕಾಗುತ್ತದೆ. ಕೊಡೆ, ಚಪ್ಪಲಿ ಹಾಳಾಗುತ್ತವೆ. ಸೆಮಿಸ್ಟರಿನ ಕೊನೆಗೆ ಪರೀಕ್ಷಾ ಶುಲ್ಕ ಎಂದಿಗೂ ತಪ್ಪುವುದಿಲ್ಲ. ಐದನೆಯ ಪಾಲಿನಲ್ಲಿ ಮಿಕ್ಕಿದ್ದು ಹೋಗಬೇಕಾದುದು ಇಂಥದಕ್ಕೆ.

ಸಾಲದ ವಿಷಯದಲ್ಲಿ ನನಗೆ ನಿಜವಾದ ಆತಂಕವಿದೆ. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಿಗುವ ಕಿರುಸಾಲಕ್ಕೆ ಕೈಯೊಡ್ಡುವ ಮೊದಲು, ವಾರ್ಷಿಕ ಬಡ್ಡಿದರವನ್ನೂ ಎಲ್ಲ ಶುಲ್ಕಗಳನ್ನೂ ತಿಳಿಸುವ ವಿವರಪತ್ರವನ್ನು ಕೇಳಬೇಕು. ಅದನ್ನು ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಕೊಡದವರಿಂದ ಒಂದು ರೂಪಾಯಿಯನ್ನೂ ಪಡೆಯಬಾರದು. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಕಮಿಷನ್ ಆಸೆಗೆ ಬ್ಯಾಂಕ್ ಖಾತೆಯನ್ನೂ ಎಟಿಎಂ ಕಾರ್ಡನ್ನೂ ಪರರಿಗೆ ಬಳಸಲು ಕೊಡುವುದು. ವಂಚನೆಯ ಹಣ ಆ ಖಾತೆಯ ಮೂಲಕ ಹರಿದರೆ ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಖಾತೆಯಲ್ಲಿ ಹೆಸರಿರುವವನನ್ನು. ಹಾಗೆ ಕೊಟ್ಟವರು ಯಾರಾದರೂ ಇದ್ದರೆ ಮುಚ್ಚಿಡದೆ ಕೂಡಲೇ ಮನೆಯವರಿಗೂ ಬ್ಯಾಂಕಿಗೂ ತಿಳಿಸಬೇಕು, ಸೈಬರ್ ವಂಚನೆಯ ದೂರಿಗಿರುವ 1930 ಸಹಾಯವಾಣಿಗೆ ಕರೆ ಮಾಡಬೇಕು.

ಹೆತ್ತವರಲ್ಲೂ ನನ್ನದೊಂದು ಕೋರಿಕೆ. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದವರೆಗೆ ಆರಂಭವಾಗುವುದಿಲ್ಲ, ಆದರೆ ಬಡ್ಡಿ ಹಣ ಬಿಡುಗಡೆಯಾದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಉದಾಹರಣೆಗೆ, ಒಂದು ಲಕ್ಷ ರೂಪಾಯಿಗೆ ಶೇಕಡಾ 10ರಂತೆ ವರ್ಷಕ್ಕೆ 10,000, ಅಂದರೆ ತಿಂಗಳಿಗೆ ಸುಮಾರು 833 ರೂಪಾಯಿ. ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದರೆ ದರದಲ್ಲಿ ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ, ಶಾಖೆಯಲ್ಲಿ ವಿಚಾರಿಸಿ. ಮನೆಯ ಆದಾಯವೆಷ್ಟು, ಸಾಲವೆಷ್ಟು, ತಿಂಗಳಿಗೆ ಕಳುಹಿಸಲು ಸಾಧ್ಯವಾಗುವುದೆಷ್ಟು ಎಂಬುದನ್ನು ಹದಿನೆಂಟು ತುಂಬಿದ ಮಕ್ಕಳಿಂದ ಮುಚ್ಚಿಡಬೇಡಿ. ಸಾಲದ ಅರ್ಜಿಗೆ ನಿಮ್ಮ ಜೊತೆ ಸಹಿ ಹಾಕಿದ್ದು ಅವರೇ. ಆ ಕಾಗದಗಳನ್ನು ಒಮ್ಮೆ ಅವರಿಂದಲೇ ಗಟ್ಟಿಯಾಗಿ ಓದಿಸಿ, ಅರ್ಥವಾಗದ ಸಾಲುಗಳಿಗೆ ಗುರುತು ಹಾಕಿಸಿ, ಬ್ಯಾಂಕಿಗೆ ಅವರನ್ನೂ ಕರೆದುಕೊಂಡು ಹೋಗಿ.