ಜಲ್ಲಿ ಬೇಕು ಸರಿ, ಯಾವ ಗುಡ್ಡದಿಂದ?

ಮೊನ್ನೆ ಕೊಡಗಿನ ಸೋಮವಾರಪೇಟೆ ಕಡೆ ಅಕ್ಕನ ಮನೆಗೆ ಹೋಗಿದ್ದೆ. ತೋಟ ದಾಟಿದರೆ ರಸ್ತೆ, ರಸ್ತೆಯಲ್ಲಿ ಬೆಳಗ್ಗಿನಿಂದಲೇ ಕಲ್ಲು ಕ್ವಾರಿಯ ಟಿಪ್ಪರ್. ಒಂದು ಕಾಫಿ ಎಲೆ ಮೇಲೆ ಬೆರಳಾಡಿಸಿದೆ. ಬೂದಿ ಬಣ್ಣದ ಪುಡಿ ಅಂಟಿತು, ಬೆರಳು ಓಡಿದ ಕಡೆ ಮಾತ್ರ ಹಸಿರು ಗೆರೆ. "ಮಳೆ ಬಂದರೆ ತೊಳೆದು ಹೋಗುತ್ತೆ ಬಿಡು" ಅಂದಳು ಅಕ್ಕ. ಆದರೆ ಮಳೆಯದ್ದೇ ಬೇರೆ ಭಯ ಇದೆ. ಕಲ್ಲು ಸಿಗುವವರೆಗೆ ತೆಗೆದ ಮೇಲ್ಮಣ್ಣನ್ನು ಇಳಿಜಾರಿನ ಅಂಚಿನಲ್ಲೇ ರಾಶಿ ಹಾಕಿದ್ದಾರೆ. ಜೂನ್‌ನಲ್ಲಿ ಅದು ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಇಳಿದು ಅವಳ ಗದ್ದೆಗೇ ಬರುತ್ತದೆ.

ಜಲ್ಲಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಮನೆ ಕಟ್ಟಿದವರಿಗೆ ಗೊತ್ತು, ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. 2018ರಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರಿಗೆ ಜಂಬೂರು, ಕರ್ಣಂಗೇರಿಯಲ್ಲಿ ಕಟ್ಟಿಕೊಟ್ಟ ಮನೆಗಳಿಗೂ ಜಲ್ಲಿ ಬೇಕೇ ಬೇಕಿತ್ತು.

ನನ್ನ ಸಿಟ್ಟು ಕ್ವಾರಿಗೆ ಜಾಗ ಆರಿಸುವ ರೀತಿಯ ಮೇಲೆ. ನನಗೆ ಕಾಣುವ ಹಾಗೆ, ಯಾರಿಗೋ ಜಾಗ ಸಿಗುತ್ತದೆ, ಅರ್ಜಿ ಹಾಕುತ್ತಾರೆ, ಆ ಒಂದು ಫೈಲನ್ನಷ್ಟೇ ನೋಡುತ್ತಾರೆ. ಪಕ್ಕದಲ್ಲೇ ಇನ್ನೆರಡು ಕ್ವಾರಿ ಇದ್ದರೂ ಪ್ರತಿಯೊಂದಕ್ಕೂ ಬೇರೆ ಲೆಕ್ಕ ಹಾಕಿದ ಹಾಗಿದೆ. ತೋಡು ಮಾತ್ರ ಒಂದೇ, ರಸ್ತೆಯೂ ಒಂದೇ ಅಲ್ವಾ? ಐದು ಹೆಕ್ಟೇರಿಗಿಂತ ಚಿಕ್ಕದಾದರೂ ಪರಿಸರ ಅನುಮತಿ ಬೇಕು ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಆಮೇಲೆ 2016ರ ಕೇಂದ್ರದ ಅಧಿಸೂಚನೆ ಜಿಲ್ಲಾ ಸರ್ವೆ ವರದಿ ಮಾಡಿ ಅಂದಿತು, ಅಂದರೆ ಜಿಲ್ಲೆಯಲ್ಲಿ ಎಲ್ಲಿ ಕಲ್ಲು, ಮರಳು ಇದೆ, ಎಲ್ಲಿ ತೆಗೆಯಬಹುದು ಅನ್ನುವ ವರದಿ. ಕರಡನ್ನು ಡಿಸಿ ಆಫೀಸಿನಲ್ಲೂ ಜಿಲ್ಲೆಯ ವೆಬ್‌ಸೈಟಿನಲ್ಲೂ 21 ದಿನ ಜನರ ಮುಂದಿಡಬೇಕು. ಐದು ವರ್ಷಕ್ಕೊಮ್ಮೆ ಹೊಸದಾಗಿ ಬರೆಯಬೇಕು.

ಈ 21 ದಿನ ನಮ್ಮ ಕೈಯಲ್ಲಿರುವ ದೊಡ್ಡ ಅವಕಾಶ. ಮಕ್ಕಂದೂರು, ಜೋಡುಪಾಲ, 2019ರ ತೋರ, 2020ರ ತಲಕಾವೇರಿ, ಗುಡ್ಡ ಜಾರಿದ ಈ ಜಾಗಗಳನ್ನೆಲ್ಲ ಕ್ವಾರಿ ನಕ್ಷೆಯ ಮೇಲೆ ಗುರುತು ಹಾಕಿ ನೋಡಬೇಕು. ಜಿಲ್ಲೆಗೆ ವರ್ಷಕ್ಕೆ ನಿಜವಾಗಿ ಎಷ್ಟು ಜಲ್ಲಿ ಬೇಕು, ಹೊರಗೆ ಎಷ್ಟು ಹೋಗುತ್ತಿದೆ ಅಂತ ಮೊದಲು ಲೆಕ್ಕ ಹಾಕಬೇಕು. ಕ್ವಾರಿ ಮುಗಿದ ಮೇಲೆ ಹೊಂಡವನ್ನು ಯಾರು ಮುಚ್ಚುತ್ತಾರೆ ಅಂತ ಶುರುವಿನಲ್ಲೇ ಬರೆಸಿಕೊಳ್ಳಬೇಕು. ನೀರು ತುಂಬಿದ ಹೊಂಡದ ಪಕ್ಕ ಮಕ್ಕಳು ಶಾಲೆಗೆ ನಡೆಯುವುದನ್ನು ನೋಡಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಸಣ್ಣ ತೋಡುಗಳು ಎಷ್ಟೋ ನಕ್ಷೆಯಲ್ಲಿ ಇರುವುದಿಲ್ಲ. ಊರಿನವರಿಗೇ ಗೊತ್ತಿರುವುದು. ಅಕ್ಕನ ಹತ್ತಿರ ಒಂದು ಹಾಳೆಯಲ್ಲಿ ಬರೆಸಿಕೊಂಡು ಬಂದಿದ್ದೇನೆ: ತೋಡು ಎಲ್ಲಿ ಹುಟ್ಟುತ್ತದೆ, ಯಾರ ಗದ್ದೆ ದಾಟುತ್ತದೆ, ಯಾವ ತಿಂಗಳು ಬತ್ತುತ್ತದೆ. ಟೈಪ್ ಮಾಡಿ ಡಿಸಿ ಆಫೀಸಿಗೆ ಕೊಡುತ್ತೇನೆ. ನಿಮ್ಮೂರಿನ ತೋಡಿನ ಬಗ್ಗೆ ಗೊತ್ತಿದ್ದವರು ಬರೆದು ಕಳಿಸಿ, ಅದನ್ನೂ ಸೇರಿಸುತ್ತೇನೆ.