ಅಡಿಕೆ ತೋಟದ ವರಮಹಾಶಯ

ನನ್ನ ಇಮೇಲ್ ಖಾತೆಯಲ್ಲಿ ಒಬ್ಬ ಗಂಡಸು ವಾಸವಾಗಿದ್ದಾನೆ. ವಯಸ್ಸು ಅರವತ್ತು ದಾಟಿರಬೇಕು, ಏಕೆಂದರೆ ಎರಡೂ ಮಂಡಿಗಳಲ್ಲಿ ಸವೆತವಿದೆ. ಮಲೆನಾಡಿನ ಕಡೆ ಅಡಿಕೆ ತೋಟವಿದೆ. ಮದುವೆ ಇನ್ನೂ ಆಗಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಇಂಜಿನಿಯರ್ ಕನ್ಯೆಯೇ ಬೇಕೆಂದು ಹಟ ಹಿಡಿದಿದ್ದಾನೆ. ರೇಷ್ಮೆ ಪಂಚೆ ಎಂದರೆ ಪ್ರಾಣ. ಬೆಳಗಾಗುವುದರೊಳಗೆ ಹತ್ತಾರು ಕಂಪನಿಗಳು ಈ ಮಹಾಶಯನಿಗೆ ಪತ್ರ ಬರೆದಿರುತ್ತವೆ, ಮೇಲೆ ಮಾತ್ರ ನನ್ನ ಹೆಸರು ಹಾಕಿರುತ್ತವೆ. ನಾನಾದರೋ ಮೈಸೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿಕೊಂಡು, ಮಗನನ್ನು ಪಿಯುಸಿ ದಾಟಿಸುವ ಚಿಂತೆಯಲ್ಲಿರುವ ಗೃಹಸ್ಥೆ.

ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಒಂದೇ, ಖಾತೆ ನನ್ನದು, ಹುಡುಕಾಟ ಊರಿನದು. ಮಂಡಿ ನಮ್ಮ ಅತ್ತೆಯವರದು. ಕನ್ಯೆ ಬೇಕಾಗಿದ್ದು ನಾದಿನಿಯ ಮಗನಿಗೆ. ಅವನ ವಿವರಗಳನ್ನು ವಧೂವರರ ತಾಣಕ್ಕೆ ಹಾಕುವಾಗ ನನ್ನ ಯಜಮಾನರು, 'ನನ್ನದು ಕಚೇರಿಯ ಇಮೇಲು, ಚೆನ್ನಾಗಿರುವುದಿಲ್ಲ, ನಿನ್ನದೇ ಇರಲಿ' ಎಂದು ಉದಾರವಾಗಿ ಬಿಟ್ಟುಕೊಟ್ಟರು. ತೋಟ ತೀರ್ಥಹಳ್ಳಿಯಲ್ಲಿರುವ ನನ್ನ ಅಣ್ಣನದು. 'ಮರ ಹತ್ತುವವರೇ ಸಿಗುವುದಿಲ್ಲ ಮಾರಾಯ್ತಿ, ಫೈಬರ್ ದೋಟಿಗೆ ಈಗ ಎಷ್ಟಿದೆ, ನೋಡಿ ಹೇಳು' ಎಂದು ಅವನು ಫೋನ್ ಮಾಡಿದ. ನೆಲದ ಮೇಲೆ ನಿಂತೇ ಅಡಿಕೆ ಕೊನೆ ಕೊಯ್ಯಲು, ಔಷಧಿ ಹೊಡೆಯಲು ಬರುವ ಉದ್ದನೆಯ ಕೋಲು ಅದು. ನಾನು ಇಂಗ್ಲಿಷ್ ಅಕ್ಷರಗಳಲ್ಲಿ 'ದೋಟಿ' ಎಂದು ಟೈಪಿಸಿದೆ. ಗಣಕ ಮಹಾಶಯರು ನನ್ನ ಕಾಗುಣಿತ ತಿದ್ದಿ, ಧೋತಿಗಳನ್ನು ಹರಡಿ ಕೂತರು. ಅಂದು ಸಂಜೆಯಿಂದಲೇ ಜರಿ ಅಂಚಿನವು, ಬಂಗಾರದ ಬಣ್ಣದವು, ಜೊತೆಗೆ ಹೊಂದುವ ಶಲ್ಯ, ಕಟ್ಟಿಕೊಳ್ಳಲು ಬಾರದವರಿಗೆ ಹೊಲಿದು ಸಿದ್ಧಪಡಿಸಿದ ಪಂಚೆ.

ಅಂತರಜಾಲದ ವ್ಯಾಪಾರಿಗಳಿಗೆ ಒಂದು ಮನೆಯಲ್ಲಿ ಅತ್ತೆ, ಸೊಸೆ, ನಾದಿನಿ, ಅಣ್ಣ ಎಂದೆಲ್ಲ ಇರುತ್ತಾರೆಂಬುದು ಅರ್ಥವಾಗುವುದಿಲ್ಲ. ಒಂದು ಖಾತೆಗೆ ಒಬ್ಬ ಮನುಷ್ಯ, ಅಷ್ಟೇ. ನಮ್ಮೆಲ್ಲರ ನೋವು, ಆಸೆ, ಹುಡುಕಾಟಗಳನ್ನು ಕಲಸಿ ಅವರು ಈ ವರನನ್ನು ಎರಕ ಹೊಯ್ದಿದ್ದಾರೆ.

ಇದರ ಮೂಲಪುರುಷ ಲೂ ಮೊಂಟುಲ್ಲಿ ಎಂಬ ತರುಣ ಇಂಜಿನಿಯರ್. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದಾಗ 'ಕುಕಿ' ಎಂಬುದನ್ನು ಕಂಡುಹಿಡಿದ. ಅಲ್ಲಿಯವರೆಗೆ ಜಾಲತಾಣಗಳಿಗೆ ಮರೆವಿನ ಕಾಯಿಲೆ. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಗಿರಾಕಿ ಯಾರೆಂಬುದೇ ನೆನಪಿರುತ್ತಿರಲಿಲ್ಲ. ಬುಟ್ಟಿಗೆ ಹಾಕಿಕೊಂಡ ಸಾಮಾನು ಬುಟ್ಟಿಯಲ್ಲೇ ಉಳಿಯಲಿ ಎಂದು ಅವನು ನಮ್ಮ ಗಣಕದಲ್ಲೇ ಸಣ್ಣ ಚೀಟಿಯೊಂದನ್ನು ಇಡುವ ಉಪಾಯ ಮಾಡಿದ. ಪಾಪ, ಒಳ್ಳೆಯ ಉದ್ದೇಶ. ಆಮೇಲೆ ಜಾಹೀರಾತಿನವರು ಬಂದರು. ಪಂಚೆಯ ಪುಟದಲ್ಲೂ ಅವರ ಚೀಟಿ, ಮಂಡಿ ಎಣ್ಣೆಯ ಪುಟದಲ್ಲೂ ಅವರದೇ ಚೀಟಿ. ಯಾವುದೋ ಅಂಗಡಿಯಲ್ಲಿ ಒಂದು ಜೊತೆ ಚಪ್ಪಲಿ ಕೊಳ್ಳಲು ನೀವು ಇಮೇಲ್ ವಿಳಾಸ ಕೊಟ್ಟಿದ್ದರೆ ಚೀಟಿಗೂ ವಿಳಾಸಕ್ಕೂ ಗಂಟು ಬಿದ್ದಂತೆಯೇ. ಇಷ್ಟೇ ಅಲ್ಲ, ಬಂದ ಪತ್ರದೊಳಗೆ ಒಂದೇ ಒಂದು ಚುಕ್ಕೆಯಷ್ಟು, ಕಣ್ಣಿಗೆ ಕಾಣದ ಚಿತ್ರವನ್ನೂ ಹುದುಗಿಸಿರುತ್ತಾರೆ. ನೀವು ಪತ್ರ ತೆರೆದು ಆ ಚಿತ್ರ ಮೂಡಿದೊಡನೆ, ತೆರೆದಿರಿ ಎಂಬ ಸುದ್ದಿ ಕಳಿಸಿದವರಿಗೆ ಮುಟ್ಟುತ್ತದೆ. ಕುತೂಹಲಕ್ಕೆ ಪಂಚೆಯ ಪತ್ರವನ್ನು ತೆರೆದೆನೆಂದರೆ, ವರಮಹಾಶಯ ಆಸೆಗಣ್ಣಿನಿಂದ ನೋಡಿದನೆಂದು ಅಲ್ಲಿ ದಾಖಲಾಗುತ್ತದೆ.

ಅತ್ತೆಯವರು ಈ ವಿವರಣೆಯನ್ನು ಒಪ್ಪುವುದಿಲ್ಲ. ಫೋನು ಕೇಳಿಸಿಕೊಳ್ಳುತ್ತದೆ ಎಂಬುದು ಅವರ ಸಿದ್ಧಾಂತ. ಮಂಡಿಯ ಮಾತು ಬಂದಾಗ ಫೋನನ್ನು ದಿಂಬಿನ ಕೆಳಗಿಟ್ಟು ಪಿಸುಗುಡುತ್ತಾರೆ. ದಿಂಬು ತೆಗೆದ ಮರುಕ್ಷಣವೇ, 'ಆ ಎಣ್ಣೆಯ ಬೆಲೆ ಇಳಿದಿದೆಯೇ, ಸ್ವಲ್ಪ ಒತ್ತಿ ನೋಡಮ್ಮ' ಎನ್ನುತ್ತಾರೆ. ಹೀಗೆ ಒತ್ತಿ ನೋಡುವವರಿರುವಾಗ ಕದ್ದು ಕೇಳುವ ಕಷ್ಟ ಯಾರಿಗೆ ಬೇಕು?

ಮನೆಯೊಳಗೆ ನಡೆದದ್ದೆಲ್ಲ ಹೇಗೋ ಸರಿ. ಒಂದು ದಿನ ದ್ವಿತೀಯ ಬಿ.ಎಸ್‌ಸಿ. ತರಗತಿಯಲ್ಲಿ ಬೆಂಜೀನಿನ ರಚನೆಯನ್ನು ಪರದೆಯ ಮೇಲೆ ತೋರಿಸುತ್ತಿದ್ದೆ. ಆರು ಇಂಗಾಲಗಳ ಉಂಗುರದ ಪಕ್ಕ, ಬಲಗಡೆಯ ಮೂಲೆಯಲ್ಲಿ, ನನ್ನ ಹೆಸರಿನ ಸಮೇತ ಒಕ್ಕಣೆ ಮೂಡಿತು: 'ನಿಮಗೆ ಒಪ್ಪುವ ಹೊಸ ವಧುಗಳು ಕಾಯುತ್ತಿದ್ದಾರೆ.' ಇಡೀ ವರ್ಷ ಪರದೆಯ ಕಡೆ ತಲೆ ಎತ್ತದ ಕೊನೆಯ ಬೆಂಚಿನವರೂ ಅಂದು ಎತ್ತಿದರು. ಅದು ಮರೆಯಾಯಿತು ಎನ್ನುವಷ್ಟರಲ್ಲಿ ಇನ್ನೊಂದು: 'ನೀವು ಆರಿಸಿದ ತೊಟ್ಟಿಲು ಬುಟ್ಟಿಯಲ್ಲೇ ಉಳಿದಿದೆ.' ಸಹೋದ್ಯೋಗಿಯ ಮಗುವಿನ ನಾಮಕರಣಕ್ಕೆ ಉಡುಗೊರೆ ಹುಡುಕಿದ್ದರ ಫಲ ಅದು. ಎಲ್ಲವನ್ನೂ ವಿವರಿಸಲು ಹೊರಟರೆ ಅವಧಿ ಸಾಲದು. 'ಮೇಡಂ, ಬೆಂಜೀನು ಅರ್ಥವಾಯಿತು, ಇದು ಆಗಲಿಲ್ಲ' ಎಂದ ಹುಡುಗನಿಗೆ ಆಂತರಿಕ ಅಂಕ ಕಡಿಮೆ ಕೊಡಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಸಂಜೆ ಇದನ್ನು ಕೇಳಿ ಅತ್ತೆಯವರು ಬೆಚ್ಚಿಬಿದ್ದದ್ದು ಬೇರೆ ಕಾರಣಕ್ಕೆ. 'ಮದುವೆಗೆ ಮೊದಲೇ ತೊಟ್ಟಿಲೇ?'

ಈ ಹಾವಳಿ ಇಂದಿನದಲ್ಲ. 1978ರ ಮೇ ತಿಂಗಳಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥರ್ಕ್ ಎಂಬಾತ, ಅಂತರಜಾಲದ ಪೂರ್ವಜನಾದ ಅರ್ಪಾನೆಟ್‌ನಲ್ಲಿ ಸುಮಾರು 400 ಜನರಿಗೆ ತಮ್ಮ ಕಂಪ್ಯೂಟರುಗಳನ್ನು ನೋಡಲು ಬನ್ನಿ ಎಂದು ಒಟ್ಟಿಗೆ ಕರೆಯೋಲೆ ಕಳಿಸಿದ. ಜನ ಉಗಿದರು. ಆದರೆ ವ್ಯಾಪಾರವೂ ಭರ್ಜರಿಯಾಗಿ ಆಯಿತೆಂದು ಆಮೇಲೆ ಅವನೇ ಹೇಳಿಕೊಂಡ. ಉಗಿತ ಒರೆಸಿಕೊಂಡರೆ ಹೋಗುತ್ತದೆ, ವ್ಯಾಪಾರ ಉಳಿಯುತ್ತದೆ ಎಂದು ಲೋಕಕ್ಕೆ ತಿಳಿದುಬಿಟ್ಟಿತು.

ಪತ್ರ ಬೇಡವೆಂದು ಹೇಳುವ ಹಾದಿಯೂ ಇದೆ. ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳಿಸುವವರು ಒಂದೇ ಒತ್ತಿಗೆ ಬಿಡುಗಡೆ ಕೊಡಬೇಕೆಂದು ಜಿಮೇಲ್ 2024ರಲ್ಲಿ ನಿಯಮ ಜಾರಿಗೆ ತಂದಿತು. ಆದರೆ ಆ ಗುಂಡಿಯನ್ನು ಬಿಟ್ಟು ನಾನು ಒತ್ತಿದ್ದು ಪತ್ರದ ಬುಡದಲ್ಲಿ ಇರುವೆ ಸಾಲಿನಂತಿದ್ದ ಅಕ್ಷರಗಳನ್ನು. ಅವು ನೇರವಾಗಿ ವಧೂವರರ ತಾಣಕ್ಕೆ ಕರೆದೊಯ್ದವು. ಅಲ್ಲಿ, 'ಹೊರಟೇಬಿಟ್ಟಿರಾ? ಕಾರಣ ತಿಳಿಸಿ' ಎಂಬ ಪ್ರಶ್ನೆ. ಅಷ್ಟರಲ್ಲಿ ನಾದಿನಿಯ ಮಗ ತನ್ನ ಕಚೇರಿಯಲ್ಲೇ ಹುಡುಗಿಯನ್ನು ನೋಡಿಕೊಂಡು, ಎರಡೂ ಮನೆಯವರು ಒಪ್ಪಿಯೂ ಆಗಿತ್ತು. ಹಾಗಾಗಿ ಸತ್ಯವನ್ನೇ ಆರಿಸಿದೆ: 'ಮದುವೆ ನಿಶ್ಚಯವಾಗಿದೆ.'

ಮರುದಿನದಿಂದ ವಧುಗಳು ನಿಂತರು. ಬದಲಿಗೆ ಛಾಯಾಗ್ರಾಹಕರು, ಮೆಹಂದಿಯವರು, ವಾಲಗದವರು, ಅಂಡಮಾನಿನ ಮಧುಚಂದ್ರದ ಪ್ಯಾಕೇಜಿನವರು ಸಾಲಾಗಿ ಬಂದು ಮಹಾಶಯನಿಗೆ ಶುಭ ಕೋರತೊಡಗಿದರು. ವೈಯಕ್ತಿಕ ಸಾಲ ಕೊಡುವವರೂ ಹಿಂದೆಯೇ ಇದ್ದರು.

ಅತ್ತೆಯವರಿಗೆ ಮಾತ್ರ ಮಧ್ಯಾಹ್ನದ ಹೊತ್ತು ಕಳೆಯುವುದೇ ಕಷ್ಟವಾಯಿತು. ಊಟವಾದ ಮೇಲೆ ಕನ್ನಡಕ ಹಾಕಿಕೊಂಡು ಆ ಹುಡುಗಿಯರ ಫೋಟೊಗಳನ್ನು ನೋಡುತ್ತಾ, ಕುಲ, ಗೋತ್ರ, ಎತ್ತರ, ಸಂಬಳಗಳನ್ನು ತೂಗುತ್ತಾ ಇರುವುದು ಅವರಿಗೆ ಅಭ್ಯಾಸವಾಗಿತ್ತು.

'ಆ ಅರಸೀಕೆರೆ ಹುಡುಗಿ ಲಕ್ಷಣವಾಗಿದ್ದಳು. ಅವಳಿಗೆ ಎಲ್ಲಾದರೂ ಸಂಬಂಧ ಕೂಡಿಬಂತೋ ಏನೋ' ಎಂದು ಒಂದೆರಡು ದಿನ ಹಲುಬಿದರು. ಆಮೇಲೆ ಕಲ್ಯಾಣ ಮಂಟಪದವರ ಪತ್ರ ಕಣ್ಣಿಗೆ ಬಿದ್ದು ಚುರುಕಾದರು. 'ಬಂದಿರುವುದೇನೋ ಒಳ್ಳೆಯದೇ ಆಯಿತು. ನಮ್ಮ ಹುಡುಗನ ಮದುವೆಗೆ ಹೇಗೂ ಬೇಕಲ್ಲ. ಊಟಕ್ಕೆ ಎಲೆಗೆ ಎಷ್ಟು ಹೇಳುತ್ತಾರೆ, ಬೇರೆ ಮಂಟಪಗಳಲ್ಲಿ ಎಷ್ಟಿದೆ, ಎಲ್ಲ ಒತ್ತಿ ನೋಡಮ್ಮ. ಹಾಗೆಯೇ ಬೀಗರಿಗೆ ಕೊಡಲು ಬೆಳ್ಳಿ ತಟ್ಟೆಯದನ್ನೂ ನೋಡು.'

ನಾನು ಲ್ಯಾಪ್‌ಟಾಪ್ ತೆರೆದೆ. ಅವರು ಎದ್ದು ಹೋಗಿ, ತಮ್ಮ ಫೋನನ್ನು ದಿಂಬಿನ ಕೆಳಗಿಟ್ಟು ಬಂದರು.