ಗಂಗೆ ಪೂಜೆಗೆ ಮೊದಲೇ ಎಷ್ಟು ಅಡಿ ಅಂತ ತೀರ್ಮಾನಿಸಿ

ಬೋರ್ ಕೊರೆಸುವ ಮುಂಚೆ ಗಂಗೆ ಪೂಜೆ ಮಾಡುವುದನ್ನು ಯಾರೂ ಹಗುರವಾಗಿ ನೋಡಬಾರದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆ ರೈತರು ವರ್ಷಗಟ್ಟಲೆ ಕೂಡಿಟ್ಟ ದುಡ್ಡು, ಸಾಲದ್ದಕ್ಕೆ ಕೈಸಾಲ, ಎಲ್ಲವನ್ನೂ ಕಣ್ಣಿಗೆ ಕಾಣದ ಒಂದು ಬಿರುಕನ್ನು ನಂಬಿ ಭೂಮಿಗೆ ಸುರಿಯುತ್ತಾರೆ. ಅಂಥ ಹೊತ್ತಲ್ಲಿ ದೇವರನ್ನು ನೆನೆಯದೆ ಇನ್ಯಾವಾಗ ನೆನೆಯುವುದು? ಪಾಯಿಂಟ್, ಅಂದರೆ ಕೊರೆಯಲು ಗುರುತಿಸಿದ ಜಾಗದ ಮೇಲೆ ಕಲ್ಲಿಟ್ಟು, ಅರಿಶಿನ ಕುಂಕುಮವಿಟ್ಟು, ಕಾಯಿ ಒಡೆದು ಕೈಮುಗಿಯಿರಿ. ಆದರೆ ನಾವು ಮಾಡಬೇಕಾದ ಕೆಲಸವನ್ನೂ ಗಂಗಮ್ಮನ ಮೇಲೆ ಹೊರಿಸಬೇಡಿ.

ಮೊದಲನೆಯದು ಪಾಯಿಂಟ್. ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತಿತು ಅಂತ ಕೊರೆಸುವವರು ಈಗಲೂ ಇದ್ದಾರೆ. ನಮ್ಮದು ಗ್ರಾನೈಟ್ ಮತ್ತು ನೈಸ್ (gneiss) ಅನ್ನುವ ಪಟ್ಟೆಪಟ್ಟೆಯ ಗಟ್ಟಿ ಬಂಡೆಯ ನೆಲ. ಕೆಳಗೆ ಹೊಳೆಯೇನೂ ಹರಿಯುತ್ತಿಲ್ಲ. ನೀರಿರುವುದು ಮೇಲಿನ ಶಿಥಿಲವಾದ ಪದರದಲ್ಲಿ, ಅದರ ಕೆಳಗಿನ ಬಂಡೆಯ ಬಿರುಕುಗಳಲ್ಲಿ. ಭೂವಿಜ್ಞಾನಿಯನ್ನು ಕರೆಸಿದರೆ ನೆಲಕ್ಕೆ ನಾಲ್ಕು ಸಲಾಕೆ ಹೊಡೆದು, ಹೊರಗಿನ ಎರಡಕ್ಕೆ ಕರೆಂಟ್ ಕೊಟ್ಟು ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಹೊರಗಿನ ಸಲಾಕೆಗಳನ್ನು ದೂರ ಒಯ್ದಷ್ಟೂ ಹೆಚ್ಚು ಆಳದ ಸುಳಿವು ಸಿಗುತ್ತದೆ. ಪಕ್ಕದಲ್ಲಿ ತಂತಿಬೇಲಿ, ಹೂತಿಟ್ಟ ಕಬ್ಬಿಣದ ಪೈಪು ಇದ್ದರೆ ಲೆಕ್ಕ ತಪ್ಪುತ್ತದೆ, ಮೊದಲೇ ಹೇಳಿಬಿಡಿ. ಇಷ್ಟೆಲ್ಲ ಮಾಡಿದರೂ ನೀರು ಖಾತ್ರಿಯಿಲ್ಲ. ದೇವರಿಗೆ ಬಿಡಬೇಕಾದದ್ದು ಇಲ್ಲಿಂದಾಚೆಗಿನದು.

ಬೋರಿನ ಮೇಲ್ಭಾಗ ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪಿನಲ್ಲಿ ಉಳಿತಾಯ ಬೇಡ. ಮಣ್ಣು, ಕೊಳೆತ ಕಲ್ಲು ದಾಟಿ ಗಟ್ಟಿ ಬಂಡೆಯಲ್ಲಿ ಅದು ಬಿಗಿಯಾಗಿ ಕೂರಬೇಕು. ಹತ್ತಡಿ ಕಮ್ಮಿ ಇಳಿಸಿದರೆ ಆಮೇಲೆ ಮಣ್ಣು ಜಾರಿ ಮೋಟಾರು ಸಿಕ್ಕಿಹಾಕಿಕೊಳ್ಳುತ್ತದೆ.

ಬೋರ್ ಲಾರಿ ಕೊರೆಯಲು ಶುರುಮಾಡಿದ ಮೇಲೆ ಮನೆಯವರೊಬ್ಬರು ಪುಸ್ತಕ ಹಿಡಿದು ಪಕ್ಕದಲ್ಲೇ ಇರಲಿ. ಕೊರೆಯಲು ಒಂದಕ್ಕೊಂದು ಜೋಡಿಸಿ ಇಳಿಸುವ ಒಂದು ರಾಡಿನ ಉದ್ದ ಎಷ್ಟು ಅಂತ ಮೊದಲೇ ಅಳೆದುಕೊಳ್ಳಿ. 20 ಅಡಿಯದಾದರೆ 30 ರಾಡಿಗೆ 600 ಅಡಿ. ಮೇಲೆ ಬರುವ ಪುಡಿ ನೋಡುತ್ತಿರಿ. ಒಣ ಬೂದುಬಣ್ಣದ ಧೂಳೇ ಏಳುತ್ತಿದ್ದರೆ ಕೆಳಗಿರುವುದು ಬಿರುಕಿಲ್ಲದ ಬಂಡೆ. ರಾಡು ದಡಕ್ಕನೆ ಇಳಿದು, ಕಂದು ಬಣ್ಣ ಹತ್ತಿದ ಚೂರು ಬಂದರೆ ಬಿರುಕು ಸಿಕ್ಕಿರಬಹುದು. ಎಷ್ಟನೇ ಅಡಿಯಲ್ಲಿ ಅಂತ ಬರೆದಿಡಿ, ಮೋಟಾರು ಇಳಿಸುವಾಗ ಬೇಕಾಗುತ್ತದೆ.

"ಎರಡಿಂಚು ನೀರು ಬಿತ್ತು" ಅಂತಾರಲ್ಲ, ಅದರಲ್ಲೂ ಮೋಸಹೋಗುವವರೇ ಜಾಸ್ತಿ. ನೀರು ಅಳೆಯುವುದು ವಿ-ನಾಚ್, ಅಂದರೆ V ಆಕಾರದಲ್ಲಿ ಕತ್ತರಿಸಿದ ತಗಡಿನಲ್ಲಿ; ಆ V 90 ಡಿಗ್ರಿಯದಾಗಿದ್ದು ಅದರಲ್ಲಿ ಒಂದಿಂಚು ಎತ್ತರ ಹರಿದರೆ ಗಂಟೆಗೆ ಸುಮಾರು 500 ಲೀಟರ್. ಎರಡಿಂಚಾದರೆ ಸುಮಾರು 2,900 ಲೀಟರ್, ಅಂದರೆ ಐದು ಪಟ್ಟಿಗೂ ಹೆಚ್ಚು. ಕಾಲಿಂಚಿನ ವ್ಯತ್ಯಾಸವೂ ದೊಡ್ಡದೇ, ಹಾಗಾಗಿ ಕಣ್ಣಂದಾಜು ಒಪ್ಪಬೇಡಿ, ಸ್ಕೇಲಿಟ್ಟು ಅಳೆಸಿ. ಅದೂ ಕಂಪ್ರೆಸರ್ ಗಾಳಿಗೆ ಚಿಮ್ಮುವ ನೀರು; ಬಿರುಕಿನಲ್ಲಿ ಮೊದಲೇ ನಿಂತಿದ್ದದ್ದು ಖಾಲಿಯಾದ ಮೇಲೆ ಎಷ್ಟು ಬರುತ್ತದೆ ಅನ್ನುವುದೇ ನಿಜವಾದ ಲೆಕ್ಕ. ಕೆಲವು ಗಂಟೆ ಪಂಪ್ ಮಾಡಿ ನೋಡಿದ ಮೇಲೇ ಎಷ್ಟು ಎಚ್‌ಪಿ ಮೋಟಾರು ಅಂತ ಯೋಚಿಸಿ.

ಈಗ ನಿಜವಾಗಿ ಹೇಳಬೇಕಿದ್ದ ಮಾತು. ಬಹಳ ಮನೆಗಳು ಮುಳುಗುವುದು ನಿಲ್ಲಿಸಬೇಕಾದ ಕಡೆ ನಿಲ್ಲಿಸದೆ. ಆಳಕ್ಕೆ ಹೋದಂತೆ ಅಡಿಗಿಷ್ಟು ಅನ್ನುವ ದರವೂ ಏರುತ್ತದೆ, ಮೇಲಿನ ಬಂಡೆಯ ಭಾರಕ್ಕೆ ಬಿರುಕುಗಳೂ ಸಾಮಾನ್ಯವಾಗಿ ಕಮ್ಮಿಯಾಗುತ್ತಾ ಹೋಗುತ್ತವೆ. ಆಗಲೇ ಯಾರಾದರೂ "ದೇವರ ಮೇಲೆ ಭಾರ ಹಾಕಿ ಇನ್ನೊಂದು ನೂರಡಿ ಹೋಗ್ಲಿ ಬಿಡಣ್ಣ" ಅನ್ನುವುದು. ನನ್ನ ಮಟ್ಟಿಗೆ ಅದು ಭಕ್ತಿಯಲ್ಲ, ಜೂಜು. ಸುತ್ತಲಿನ ಬೋರ್‌ಗಳಲ್ಲಿ ಎಷ್ಟು ಅಡಿಗೆ ನೀರು ಬಿದ್ದಿದೆ, ನಮ್ಮ ಕೈಲಿ ಎಷ್ಟಿದೆ ನೋಡಿಕೊಂಡು ಪೂಜೆಗೆ ಮೊದಲೇ ಆಳ ತೀರ್ಮಾನಿಸಿ, ದೇವರ ಮುಂದೆ ಮನೆಯವರೆಲ್ಲರ ಎದುರು ಹೇಳಿಬಿಡಿ. ಅಷ್ಟರೊಳಗೆ ನೀರು ಬಂದರೆ ಗಂಗಮ್ಮನ ಕೃಪೆ. ಬರದಿದ್ದರೆ ಲಾರಿ ಕಳಿಸಿ. ಕೊಟ್ಟರೆ ಮಾತ್ರ ನಂಬುತ್ತೇನೆ ಅನ್ನುವುದು ವ್ಯಾಪಾರ. ಕೊಡದಿದ್ದಾಗಲೂ ನಂಬಿಕೆ ಕೆಡದೆ ನಿಲ್ಲಿಸುವುದಕ್ಕೆ ಹೆಚ್ಚಿನ ಧೈರ್ಯ ಬೇಕು.

ನೀರು ಬೀಳದ ಬೋರನ್ನು ಚೀಲ ಮುಚ್ಚಿ ಬಿಟ್ಟು ಬರಬೇಡಿ. ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ: ಕೈಬಿಟ್ಟ ಕೊಳವೆಬಾವಿಯನ್ನು ಮಣ್ಣು, ಮರಳು, ಕಲ್ಲಿನಿಂದ ತಳದಿಂದ ನೆಲದ ಮಟ್ಟದವರೆಗೆ ತುಂಬಬೇಕು. ಕೇಸಿಂಗ್ ಕಿತ್ತುಕೊಂಡು ಹೋಗುವ ಆಸೆಗೆ ಬಾಯಿ ತೆರೆದು ಬಿಟ್ಟರೆ ಅದಕ್ಕೆ ಮಕ್ಕಳು ಬೀಳುತ್ತವೆ. ಸ್ವಲ್ಪ ನೀರಿದ್ದರೆ ಮಳೆಗಾಲಕ್ಕೆ ಮೊದಲು ಕೇಸಿಂಗ್ ಸುತ್ತ 10 ಅಡಿ ಉದ್ದ, ಅಗಲ, ಆಳದ ಇಂಗುಗುಂಡಿ ತೋಡಿಸಿ, ಪೈಪಿಗೆ ತೂತು ಹಾಕಿ ನೈಲಾನ್ ಬಲೆ ಸುತ್ತಿ, ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿಸಿ. ಹೊಲದ ಕೆಸರುನೀರು ನೇರ ಅದಕ್ಕೆ ನುಗ್ಗದಂತೆ ಮುಂದೊಂದು ಹೂಳಿನ ಗುಂಡಿ ಇರಲಿ. ಅದಿಲ್ಲದಿದ್ದರೆ ಬಲೆಯ ತೂತುಗಳು ಬೇಗ ಮುಚ್ಚಿಹೋಗುತ್ತವೆ.